ಸದ್ದಿನ ಚಿಂತೆ ಬಿಡಿ, ಬೇಲಿ ಎಲ್ಲಿ ಬರುತ್ತೆ ಕೇಳಿ

ಊರ ನಡುವಿನ ರಸ್ತೆಯಲ್ಲಿ ದೊಡ್ಡ ಕಾರ್ ರೇಸ್ ಬರ್ತಿದೆ, ಕೆಳಗೆ ಅಂಗಡಿ ಮೇಲೆ ಮನೆ, ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದಾರೆ. ಸದ್ದು ತಡೆಯೋಕೆ ಕಿಟಕಿಗೆ ಡಬಲ್ ಗಾಜು ಹಾಕಿಸಲೇ, ವಿರೋಧದ ಮನವಿಗೆ ಸಹಿ ಹಾಕಲೇ, ಇಲ್ಲ ವ್ಯಾಪಾರ ಆಗುತ್ತೆ ಅಂತ ಸುಮ್ಮನಿರಲೇ ಅಂತ ಕೇಳಿದ್ದೀರಿ. ನಾನು ಹೈದರಾಬಾದಿನಲ್ಲಿ ಇದೇ ಲೆಕ್ಕಾಚಾರ ಹಾಕ್ತಾ ಕೂತಿದ್ದವನು. ಖೈರತಾಬಾದ್ ಕಡೆ ನಮ್ಮದೊಂದು ಸಣ್ಣ ಉಡುಪಿ ಹೋಟೆಲು ಇತ್ತು, ಮಹಡಿ ಮೇಲೆ ಸಂಸಾರ. ಅಪ್ಪ ಕುಂದಾಪುರದ ಕಡೆಯಿಂದ ಬಂದು ಹಾಕಿದ್ದು. ನಾನು ಗಲ್ಲೆಯಲ್ಲಿ ಕೂರುವ ಹೊತ್ತಿಗೆ ಅದಕ್ಕೆ ಒಳ್ಳೆ ಹೆಸರಿತ್ತು.

ಫಾರ್ಮುಲಾ ಇ, ಅಂದರೆ ಬ್ಯಾಟರಿ ಕಾರುಗಳ ವಿಶ್ವ ಚಾಂಪಿಯನ್‌ಷಿಪ್, ಭಾರತಕ್ಕೆ ಮೊದಲ ಸಲ ಬಂದದ್ದು 2023ರ ಫೆಬ್ರವರಿ 11ರಂದು, ನಮ್ಮ ಮನೆ ಹತ್ತಿರಕ್ಕೆ. ಹುಸೇನ್ ಸಾಗರದ ದಂಡೆ, ಎನ್‌ಟಿಆರ್ ಮಾರ್ಗ, ಲುಂಬಿನಿ ಪಾರ್ಕ್, ಆಗಿನ್ನೂ ಕಟ್ಟುತ್ತಿದ್ದ ಹೊಸ ಸಚಿವಾಲಯ, ಐಮ್ಯಾಕ್ಸ್ ಥಿಯೇಟರ್, ಇವುಗಳ ಸುತ್ತ 2.8 ಕಿಲೋಮೀಟರ್ ಟ್ರ್ಯಾಕು, 18 ತಿರುವು. ಕೇಳಿದಾಗ ನನಗೆ ಹೆಮ್ಮೆಯೇ ಆಯ್ತು. ಈಗಲೂ ಆ ಹೆಮ್ಮೆ ತಪ್ಪು ಅನ್ನಿಸಲ್ಲ.

ಮೊದಲು ನಿಮ್ಮ ಸದ್ದಿನ ಪ್ರಶ್ನೆ. ನಾನೂ ಅದನ್ನೇ ಕೇಳ್ತಾ ತಿರುಗಾಡಿದೆ. ಮೇಲಿನ ಮನೆಯ ನಿವೃತ್ತ ಮೇಷ್ಟ್ರಿಗೆ ಹೃದಯದ ತೊಂದರೆ ಇತ್ತು, ಅವರಿಗೂ ಅದೇ ಭಯ. ರೇಸಿನ ದಿನ ಮಹಡಿ ಮೇಲೆ ನಿಂತು ಕೇಳಿದರೆ ಕಾರು ಹೋಗುವಾಗ ಸೀಟಿ ಹಾಕಿದಂಥ ಒಂದು ಸಣ್ಣ ದನಿ, ತಿರುವಿನಲ್ಲಿ ಟೈರು ಕಿರುಗುಟ್ಟೋದು, ಅಷ್ಟೇ. ಅದಕ್ಕಿಂತ ಧ್ವನಿವರ್ಧಕದ ಕಾಮೆಂಟರಿಯೇ ಜೋರು. ನಿದ್ದೆ ಕೆಡಿಸಿದ್ದು ರೇಸಿಗೆ ಮುಂಚಿನ ರಾತ್ರಿಗಳು. ಹಗಲು ವಾಹನ ಓಡಾಡುವ ರಸ್ತೆಯಾದ್ದರಿಂದ ಟ್ರ್ಯಾಕ್ ಕಟ್ಟುವ ಕೆಲಸ ಕತ್ತಲಾದ ಮೇಲೆ ಜೋರಾಗುತ್ತೆ. ಟ್ರೈಲರ್ ಲಾರಿಯಲ್ಲಿ ಕಾಂಕ್ರೀಟ್ ದಿಮ್ಮಿಗಳು ಬರ್ತವೆ, ಒಂದೊಂದೂ ಆಳೆತ್ತರದ ಗೋಡೆಯ ತುಂಡು. ಕ್ರೇನು ಅದನ್ನೆತ್ತಿ ಇಳಿಸುವಾಗ ನೆಲ ಧಪ್ ಅನ್ನುತ್ತೆ, ಸ್ಟೀಲ್ ಲೋಟ ಇಟ್ಟ ಕಪಾಟು ಜಣ್ ಅನ್ನುತ್ತೆ. ಆಮೇಲೆ ದಿಮ್ಮಿ ಮೇಲೆ ಕಬ್ಬಿಣದ ಜಾಲರಿ ನಿಲ್ಲಿಸಿ ಬೋಲ್ಟ್ ಬಿಗಿಯುವ ಮೆಷಿನ್ನಿನ ಸದ್ದು, ಗಾಡಿ ಹಿಂದಕ್ಕೆ ಬರುವಾಗಿನ ಪೀಂ ಪೀಂ. ಡಬಲ್ ಗಾಜು ನೆಲದ ನಡುಕಕ್ಕೆ ಏನೂ ಮಾಡಲ್ಲ.

ನಿಮ್ಮಲ್ಲಿಗೆ ಬರುವುದು ಪೆಟ್ರೋಲ್ ಇಂಜಿನ್ ಕಾರುಗಳಾದರೆ ಲೆಕ್ಕ ಬೇರೆ. 2024ರ ಆಗಸ್ಟ್ 31 ಮತ್ತು ಸೆಪ್ಟೆಂಬರ್ 1ರಂದು ಚೆನ್ನೈನ ಐಲ್ಯಾಂಡ್ ಗ್ರೌಂಡ್ಸ್ ಸುತ್ತ ನಡೆದ ಫಾರ್ಮುಲಾ 4 ರಾತ್ರಿ ರೇಸಿನವು ಪೆಟ್ರೋಲ್ ಕಾರುಗಳು. ಅಲ್ಲಿ ಓಮಂದೂರಾರ್ ಸರ್ಕಾರಿ ಆಸ್ಪತ್ರೆ ಟ್ರ್ಯಾಕಿಗೆ ಹತ್ತಿರದಲ್ಲೇ ಇದೆ. ಆಸ್ಪತ್ರೆ ಪಕ್ಕ ರೇಸ್ ಯಾಕೆ ಅಂತ ಮದ್ರಾಸ್ ಹೈಕೋರ್ಟಿನವರೆಗೂ ಹೋದರು. ನ್ಯಾಯವಾದ ಪ್ರಶ್ನೆ ಅದು. ನಿಮ್ಮ ಬೀದಿಯಲ್ಲಿ ಆಸ್ಪತ್ರೆ ಇದ್ದರೆ ಸದ್ದಿನ ಮಾತನ್ನು ಆಸ್ಪತ್ರೆಯ ಹೆಸರಿನಲ್ಲಿ ಎತ್ತಿ, ನಿಮ್ಮ ಕಿಟಕಿಯ ಹೆಸರಿನಲ್ಲಿ ಬೇಡ.

ಈಗ ನನ್ನ ಹೋಟೆಲಿನ ಕಥೆ. ಇದನ್ನು ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರೆ ನೀವು "ವ್ಯಾಪಾರ ಆಗುತ್ತೆ" ಅಂತ ಬರೆದ ಆ ಎರಡು ಪದದಲ್ಲೇ ನಾನು ಮುಳುಗಿದ್ದು.

ನಮ್ಮ ಹೊಟ್ಟೆ ತುಂಬಿಸುತ್ತಿದ್ದದ್ದು ಕೌಂಟರ್ ವ್ಯಾಪಾರ ಅಲ್ಲ, ಕ್ಯಾರಿಯರ್ ಊಟ. ಹಳೇ ಸಚಿವಾಲಯ ಕೆಡವೋಕೆ ಮುಂಚೆಯೇ ಅಲ್ಲಿನ ಬಹಳಷ್ಟು ಕಚೇರಿಗಳು ತಾತ್ಕಾಲಿಕವಾಗಿ ಆದರ್ಶನಗರ ಪಕ್ಕದ ಬಿಆರ್‌ಕೆಆರ್ ಭವನಕ್ಕೆ ಹೋಗಿದ್ದವು. ಅಲ್ಲಿ, ಸುತ್ತಮುತ್ತಲ ಕಚೇರಿಗಳಲ್ಲಿ, ನಮಗೆ ತಿಂಗಳ ಲೆಕ್ಕದ ಗಿರಾಕಿಗಳಿದ್ದರು. ಮಧ್ಯಾಹ್ನ ಒಂದು ಗಂಟೆಗೆ ಅನ್ನ, ಸಾರು, ಪಲ್ಯ, ಮಜ್ಜಿಗೆ ಅವರ ಟೇಬಲ್ಲಿಗೆ ಹೋಗಬೇಕು. ಹುಡುಗರು ಎರಡು ಸ್ಕೂಟರಿನಲ್ಲಿ ಒಯ್ತಿದ್ದರು. ತಿಂಗಳ ಮೊದಲ ವಾರ ದುಡ್ಡು ಕೈಗೆ ಬರ್ತಿತ್ತು, ಅದರಲ್ಲೇ ದಿನಸಿ ಅಂಗಡಿಯ ಬಾಕಿ ತೀರುತ್ತಿತ್ತು.

2022ರ ನವೆಂಬರ್ 19, 20ಕ್ಕೆ ಅದೇ ಟ್ರ್ಯಾಕಿನಲ್ಲಿ ಇಂಡಿಯನ್ ರೇಸಿಂಗ್ ಲೀಗ್ ಅನ್ನುವ ನಮ್ಮ ದೇಶದ್ದೇ ಕಾರ್ ರೇಸ್ ಇಟ್ಟರು. ಡಿಕ್ಕಿ, ತಡ, ಕತ್ತಲು ಅಂತ ಅದು ನೆಟ್ಟಗೆ ನಡೆಯಲಿಲ್ಲ. ಡಿಸೆಂಬರ್ 10, 11ಕ್ಕೆ ಮತ್ತೊಮ್ಮೆ ಬಂದರು. ಫೆಬ್ರವರಿಯದು ಮೂರನೆಯದು. ಒಂದು ರೇಸ್ ಅಂತ ನಾವು ಅಂದುಕೊಂಡದ್ದಕ್ಕೆ ಮೂರು ಸಲ ರಸ್ತೆ ಮುಚ್ಚಿತು, ಇದನ್ನೂ ಗುರುತು ಹಾಕಿಕೊಳ್ಳಿ.

ನವೆಂಬರಿನಲ್ಲಿ ನನ್ನ ಕಣ್ಣು ಕಟ್ಟಿದ್ದು ಏನು ಗೊತ್ತಾ? ಜನ. ಟಿಕೆಟ್ ಇಲ್ಲದವರು ಕಾರು ನೋಡೋಕೆ ಗುಂಪು ಗುಂಪಾಗಿ ಬಂದು ಬೀದಿಯಲ್ಲೆಲ್ಲ ನಿಂತಿದ್ದರು. ರೇಸ್ ಶುರುವಾಗುವುದು ತಡ ಆದಷ್ಟೂ ನಮ್ಮಲ್ಲಿ ಕಾಫಿ, ಚಹಾ, ಬಜ್ಜಿ ಹೋಯಿತು. ಆ ಎರಡು ಸಂಜೆ ಗಲ್ಲೆ ತುಂಬಿತು. ಲೋಕಲ್ ರೇಸಿಗೇ ಹೀಗಾದರೆ ವಿಶ್ವಮಟ್ಟದ ರೇಸಿಗೆ ಹೇಗಿರಬೇಡ ಅಂತ ನಾನು ಗುಣಾಕಾರ ಹಾಕಿದೆ.

ಫೆಬ್ರವರಿಯ ವಾರಕ್ಕೆ ಅಂತ ಹೊಸ ಗ್ರೈಂಡರ್ ತಂದೆ, ಎರಡನೇ ದೋಸೆ ಕಾವಲಿ ಹಾಕಿಸಿದೆ, ಊರಿಂದ ಇಬ್ಬರು ಅಡುಗೆ ಭಟ್ಟರನ್ನು ಕರೆಸಿದೆ, ಸ್ನೇಹಿತನ ಹತ್ತಿರ ಕೈಗಡ ಮಾಡಿದೆ. ಇದು ತಪ್ಪಿನ ಸಣ್ಣ ಭಾಗ. ಗ್ರೈಂಡರನ್ನು ಮಾರಬಹುದು, ಕೈಗಡ ತೀರಿಸಬಹುದು. ದೊಡ್ಡ ತಪ್ಪು ಅಂದ್ರೆ, ಆ ವಾರ ಕ್ಯಾರಿಯರ್ ಊಟ ನಿಲ್ಲಿಸಿದೆ. "ರೇಸಿನ ಗಲಾಟೆ, ಟ್ರಾಫಿಕ್ ಜಾಮು, ಹುಡುಗರು ಬರೋಕಾಗಲ್ಲ, ಸೋಮವಾರದಿಂದ ಮತ್ತೆ ಶುರು ಮಾಡ್ತೀವಿ" ಅಂತ ಎಲ್ಲರಿಗೂ ಫೋನ್ ಮಾಡಿ ಹೇಳಿದೆ. ಟ್ರಾಫಿಕ್ ಒಂದು ಕಾರಣ ನಿಜ. ಆದರೆ ಅಡುಗೆಮನೆ ಪೂರ್ತಿ ಕೌಂಟರಿಗೆ ಸಿಗಲಿ ಅನ್ನೋದೇ ನನ್ನ ಒಳಗಿನ ಆಸೆ. ಹೆಂಡತಿ ಬೇಡ ಅಂದಳು. "ನಿತ್ಯ ಉಣ್ಣೋರನ್ನ ಬಿಟ್ಟು ಜಾತ್ರೆಗೆ ಬರೋರನ್ನ ನಂಬ್ತೀರಾ" ಅಂದಳು. ನಾನು ಕೇಳಲಿಲ್ಲ.

ಆಗಿದ್ದು ಹೀಗೆ. ಫೆಬ್ರವರಿ 11 ಎರಡನೇ ಶನಿವಾರ, ಕಚೇರಿಗಳಿಗೆ ಹೇಗೂ ರಜೆ. ಅದಕ್ಕೇ ಎಲ್ಲರೂ "ರಜೆ ದಿನ ತಾನೇ, ಯಾರಿಗೇನು ತೊಂದರೆ" ಅಂದದ್ದು. ರಸ್ತೆ ಮುಚ್ಚಿದ್ದು ಮಾತ್ರ ಅದಕ್ಕೆ ಮುಂಚಿನ ಕೆಲಸದ ದಿನಗಳಲ್ಲೂ. ಅದೇ ಹೊತ್ತಿಗೆ ವಿಧಾನಸಭೆಯ ಬಜೆಟ್ ಅಧಿವೇಶನ. ಫೆಬ್ರವರಿ 6ಕ್ಕೆ ಬಜೆಟ್ ಮಂಡನೆ ಆಗಿತ್ತು, ಸಚಿವಾಲಯದ ನೌಕರರು ರಾತ್ರಿವರೆಗೂ ಕಚೇರಿಯಲ್ಲೇ. ವರ್ಷದಲ್ಲಿ ಅವರಿಗೆ ಊಟ ಅತಿ ಹೆಚ್ಚು ಬೇಕಾದ ವಾರದಲ್ಲಿ ನಾನು ಊಟ ಇಲ್ಲ ಅಂದಿದ್ದೆ. ಎನ್‌ಟಿಆರ್ ಮಾರ್ಗ, ತೆಲುಗು ತಲ್ಲಿ ಫ್ಲೈಓವರಿನ ಕಡೆಯ ವಾಹನಗಳೆಲ್ಲ ಸೈಫಾಬಾದ್, ಲಕ್ಡಿಕಾಪೂಲ್, ರವೀಂದ್ರ ಭಾರತಿ ದಿಕ್ಕಿಗೆ ತಿರುಗಿದವು. ಸ್ಕೂಟರು ನುಗ್ಗಿಸೋಕೆ ಜಾಗ ಇರಲಿಲ್ಲ, ಒಪ್ತೀನಿ. ಆದರೆ ನಡೆಯೋಕೆ ಜಾಗ ಇತ್ತು! ನಮ್ಮ ಹಾಗೇ ಮೆಸ್ ನಡೆಸುವ ಇನ್ನೊಬ್ಬರು ಆದರ್ಶನಗರದ ಕಡೆ ಪರಿಚಯದವರ ಒಂದು ಕೋಣೆ ಕೇಳಿಕೊಂಡು, ಬೆಳಗ್ಗೆ ಐದಕ್ಕೇ ಅನ್ನದ ಪಾತ್ರೆ, ಸಾರಿನ ಕ್ಯಾನು ಅಲ್ಲಿಗೆ ಸಾಗಿಸಿ, ಮಧ್ಯಾಹ್ನ ಬಿಸಿ ಮಾಡಿ ಹುಡುಗರ ಕೈಲಿ ನಡೆಸಿಯೇ ಕಳಿಸಿದರು. ನನ್ನ ಗಿರಾಕಿಗಳೂ ಆ ಊಟ ಉಂಡರು. ಚೆನ್ನಾಗೇ ಇತ್ತಂತೆ. ಸೋಮವಾರ ನಾನು ಫೋನ್ ಮಾಡಿದಾಗ ಬಹಳ ಜನ "ಈ ತಿಂಗಳು ಅವರದ್ದೇ ಇರಲಿ ಅನ್ನಾ" ಅಂದರು. ಆ ತಿಂಗಳು ಮುಗಿದ ಮೇಲೂ ಅವರದ್ದೇ ಇತ್ತು.

ಇತ್ತ ಕೌಂಟರಿಗಾದರೂ ಜನ ಬಂದರೇ? ನವೆಂಬರಿನಲ್ಲಿ ಬಂದವರು ಬೇಲಿಯ ಹೊರಗೆ ನಿಂತು ನೋಡುವವರು. ಫೆಬ್ರವರಿಯಲ್ಲಿ ಬೇಲಿಗೆ ಬಟ್ಟೆ, ಫ್ಲೆಕ್ಸು ಕಟ್ಟಿ ಹೊರಗಿನಿಂದ ಏನೂ ಕಾಣದ ಹಾಗೆ ಮಾಡಿದ್ದರು, ಹಾಗಾಗಿ ಅಂಥವರು ಬರಲೇ ಇಲ್ಲ. ಟಿಕೆಟ್ ತಗೊಂಡವರು ತಮ್ಮ ತಮ್ಮ ಗೇಟಿನಿಂದ ಒಳಗೆ ಹೋದರು, ಒಳಗೇ ತಿಂಡಿ ಸ್ಟಾಲುಗಳಿದ್ದವು, ಮುಗಿದ ಮೇಲೆ ಅದೇ ಗೇಟಿನಿಂದ ಹೊರಟರು. ನಮ್ಮ ಬೀದಿಯ ಕಡೆ ಗೇಟೇ ಇರಲಿಲ್ಲ. ನಮ್ಮ ಕಡೆ ಬಂದವರು ಅಂದರೆ ಬಂದೋಬಸ್ತಿನ ಪೊಲೀಸರು, ದಾರಿ ತಪ್ಪಿದ ಕೆಲವರು. ಜೀನ್ ಎರಿಕ್ ವರ್ನ್ ಗೆದ್ದ ಅಂತ ಮಗ ಮಹಡಿಯಿಂದ ಕೂಗಿ ಹೇಳಿದಾಗ ನಾನು ಹುಳಿ ಬಂದ ದೋಸೆ ಹಿಟ್ಟನ್ನು ಚರಂಡಿಗೆ ಸುರಿಸುತ್ತಿದ್ದೆ.

ಹಾಗಾಗಿ "ಎಷ್ಟು ಜನ ಬರ್ತಾರೆ" ಅನ್ನೋದು ಕೇಳಬೇಕಾದ ಪ್ರಶ್ನೆಯೇ ಅಲ್ಲ. ಇಪ್ಪತ್ತು ಸಾವಿರ ಬಂದರೂ ಗೇಟು ಆ ಕಡೆ ಇದ್ದರೆ ನಿಮಗೆ ಸೊನ್ನೆ. ನಾನು ಟ್ರ್ಯಾಕಿನ ನಕ್ಷೆಯನ್ನು ಪೇಪರಿನಲ್ಲಿ ನೋಡಿದ್ದೆ, ತಿರುವುಗಳ ನಂಬರ್ ಸಮೇತ. ಅದು ಕಾರಿಗೆ ಬೇಕಾದ ನಕ್ಷೆ. ನಮಗೆ ಬೇಕಾದ್ದು ಬೇಲಿಯ ನಕ್ಷೆ: ದಿಮ್ಮಿ ಎಲ್ಲಿಂದ ಎಲ್ಲಿವರೆಗೆ, ನಡೆದು ದಾಟುವ ಸೇತುವೆ ಎಲ್ಲಿ, ಪ್ರೇಕ್ಷಕರ ಗೇಟು ಯಾವ ಬೀದಿಗೆ ತೆರೆಯುತ್ತೆ, ಆಂಬುಲೆನ್ಸಿಗೆ ಯಾವ ದಾರಿ ಬಿಟ್ಟಿದ್ದಾರೆ. ಅದನ್ನು ಮುಂದಿಟ್ಟುಕೊಂಡು, ನಾನು ಯಾವ ಕಡೆ, ನನ್ನ ಗಿರಾಕಿ ಯಾವ ಕಡೆ, ಹಾಲಿನ ಗಾಡಿ ಯಾವ ಕಡೆಯಿಂದ ಬರುತ್ತೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗಿಬಿಡ್ತಿತ್ತು. ಗಿರಾಕಿಗಳು ಆಚೆ, ನಾನು ಈಚೆ. ಆ ವಾರದ ನನ್ನ ಕೆಲಸ ಆಚೆ ಕಡೆ ಒಂದು ಕೋಣೆ ಹುಡುಕುವುದು, ಎರಡನೇ ಕಾವಲಿ ಹಾಕಿಸುವುದಲ್ಲ.

ಮೇಲಿನ ಮನೆಯ ಮೇಷ್ಟ್ರ ವಿಷಯ ಹೇಳಲೇಬೇಕು, ನಿಮ್ಮ ಅಪ್ಪ ಅಮ್ಮನ ಸಲುವಾಗಿ. ಸದ್ದಿನಿಂದ ಅವರಿಗೆ ಏನೂ ಆಗಲಿಲ್ಲ. ಆದರೆ ಇಂಜೆಕ್ಷನ್ ಕೊಡಲು ದಿನಾ ಬರುತ್ತಿದ್ದ ನರ್ಸಮ್ಮ ಶುಕ್ರವಾರ ಬರೋಕಾಗಲಿಲ್ಲ, ಅವರಿದ್ದ ಆಟೋ ಬಹಳ ಹೊತ್ತು ಜಾಮಿನಲ್ಲಿ ನಿಂತು ವಾಪಸ್ಸು ಹೋಯಿತು. ಕೊನೆಗೆ ಪಕ್ಕದ ಕ್ಲಿನಿಕ್ಕಿನ ಹುಡುಗನನ್ನು ಬೇಡಿಕೊಂಡು ಕರೆತಂದೆವು. ಡಯಾಲಿಸಿಸ್, ಆಮ್ಲಜನಕದ ಸಿಲಿಂಡರು, ಫಿಸಿಯೋಥೆರಪಿ, ಹೋಮ್ ನರ್ಸ್, ಇವುಗಳಲ್ಲಿ ಯಾವುದಾದರೂ ನಿಮ್ಮ ಮನೆಗೆ ಬೇಕಿದ್ದರೆ ಆ ವಾರ ಹಿರಿಯರನ್ನು ಬೇಲಿಯಿಂದ ದೂರದ ನೆಂಟರ ಮನೆಯಲ್ಲಿಡಿ. ಪಾಸ್ ಕೊಡ್ತೀವಿ, ಒಳಗೆ ಬಿಡ್ತಾರೆ ಅನ್ನುವ ಬಾಯಿಮಾತನ್ನು ನಂಬಬೇಡಿ. ಪಾಸು ಕೊಟ್ಟವರು ಒಬ್ಬರು, ಬ್ಯಾರಿಕೇಡ್ ಪಕ್ಕ ನಿಂತಿರುವವರು ಇನ್ನೊಬ್ಬರು.

ಇನ್ನು ಸಹಿ. "ರೇಸ್ ಬೇಡ" ಅಂತ ಮಾತ್ರ ಬರೆದ ಮನವಿಗೆ ನಾನಾದರೆ ಸಹಿ ಹಾಕಲ್ಲ. ರೇಸ್ ಬೇಕು ಅಂತಲ್ಲ. ಅಂಥ ಮನವಿ ಸೋತರೆ ನಿಮ್ಮ ಕೈಯಲ್ಲಿ ಏನೂ ಉಳಿಯಲ್ಲ, ಬಹುಪಾಲು ಸೋಲುತ್ತೆ ಕೂಡ. ಚೆನ್ನೈನಲ್ಲಿ ಕೋರ್ಟು ರೇಸನ್ನು ನಿಲ್ಲಿಸಲಿಲ್ಲ. ಆದರೆ ಕೇಸು ಹಾಕಿದ್ದರಿಂದ ಸರ್ಕಾರದ ಖರ್ಚು ಎಷ್ಟು, ಅದನ್ನು ಯಾರು ಭರಿಸಬೇಕು ಅನ್ನೋದು ತೆರೆದ ಕೋರ್ಟಿನಲ್ಲಿ ಚರ್ಚೆಗೆ ಬಂತು. ಅದು ದೊಡ್ಡದು. ನಿಮ್ಮ ಮನವಿಯಲ್ಲೂ ಹಾಗೇ ಇರಲಿ. ರಸ್ತೆ ಮುಚ್ಚುವ ಮತ್ತು ತೆರೆಯುವ ತಾರೀಖು, ಕಟ್ಟುವ ದಿನ ಬಿಚ್ಚುವ ದಿನ ಎರಡೂ ಸೇರಿಸಿ. ರಾತ್ರಿ ಕ್ರೇನ್ ಕೆಲಸ ಎಷ್ಟು ಗಂಟೆಗೆ ನಿಲ್ಲಬೇಕು ಅನ್ನುವ ಮಿತಿ. ನಡೆದು ದಾಟುವ ಜಾಗ. ವ್ಯಾಪಾರ ನಿಂತ ಅಂಗಡಿಗೆ ಪರಿಹಾರ, ಅದನ್ನು ಯಾರು ಕೊಡ್ತಾರೆ ಅನ್ನುವ ಹೆಸರು ಸಮೇತ. ಉತ್ತರ ಬರವಣಿಗೆಯಲ್ಲಿ ಬರಬೇಕು. ಹಾಗೆ ಬರೆದಿದ್ದರೆ ರೇಸ್ ಇಷ್ಟಪಡುವವರೂ ಸಹಿ ಹಾಕ್ತಾರೆ, ನನ್ನ ಮಗನೂ ಹಾಕ್ತಾನೆ.

ಸಣ್ಣವರ ಈ ಗೋಳು ನಮ್ಮ ದೇಶದ್ದಷ್ಟೇ ಅಂದುಕೊಳ್ಳಬೇಡಿ. ಆಮೇಲೆ ನಾನು ಹುಡುಕಿ ಹುಡುಕಿ ಓದಿದೆ. 2023ರ ನವೆಂಬರಿನಲ್ಲಿ ಲಾಸ್ ವೇಗಸ್‌ನಲ್ಲಿ ಫಾರ್ಮುಲಾ 1 ರೇಸ್ ನಡೆದಾಗ ರಸ್ತೆಗೆ ಡಾಂಬರು ಹಾಕುವ ಕೆಲಸ ತಿಂಗಳುಗಟ್ಟಲೆ ಮುಂಚೆಯೇ ಶುರುವಾಗಿತ್ತು. ಫ್ಲೆಮಿಂಗೊ ರಸ್ತೆಯಲ್ಲಿ ತಾತ್ಕಾಲಿಕ ಸೇತುವೆ ಕಟ್ಟಿದ್ದರಿಂದ ಅದರ ಆಸುಪಾಸಿನ ಹೋಟೆಲು, ಅಂಗಡಿಯವರು ಗಿರಾಕಿ ತಮ್ಮ ಬಾಗಿಲಿಗೆ ಬರೋಕಾಗ್ತಿಲ್ಲ ಅಂತ ದೂರಿದರು. ಅಷ್ಟು ದುಡ್ಡಿರುವ ಊರಲ್ಲೂ ಸಮಸ್ಯೆ ಬಾಗಿಲಿನದ್ದೇ. ಕೆನಡಾದ ಮಾಂಟ್ರಿಯಲ್ ನಗರದ ನಡುವೆ 2017ರ ಜುಲೈನಲ್ಲಿ ಇದೇ ಫಾರ್ಮುಲಾ ಇ ನಡೆಯಿತು. ಬೇಲಿಯ ಒಳಗೆ ಸಿಕ್ಕಿಕೊಂಡ ನಿವಾಸಿಗಳು ಸಿಟ್ಟಾದರು, ನವೆಂಬರಿನ ಚುನಾವಣೆಯಲ್ಲಿ ರೇಸ್ ತಂದ ಮೇಯರ್ ಡೆನಿ ಕೊಡೇರ್ ಸೋತರು, ಗೆದ್ದ ವ್ಯಾಲೆರಿ ಪ್ಲಾಂಟ್ ಡಿಸೆಂಬರಿನಲ್ಲೇ ಮುಂದಿನ ವರ್ಷದ ರೇಸನ್ನು ರದ್ದು ಮಾಡಿದರು. ಮಾಂಟ್ರಿಯಲ್‌ನ ಎರಡನೇ ದಿನದ ರೇಸ್ ಗೆದ್ದವನೂ ಹೈದರಾಬಾದಿನಲ್ಲಿ ಗೆದ್ದ ಅದೇ ವರ್ನ್.

ನಮ್ಮಲ್ಲೂ ಹಾಗೇ ಆಯ್ತು. 2024ರ ಫೆಬ್ರವರಿ 10ಕ್ಕೆ ಎರಡನೇ ರೇಸ್ ನಿಗದಿಯಾಗಿತ್ತು. ಈ ವರ್ಷವಾದರೂ ಗೇಟು ನಮ್ಮ ಕಡೆ ಬಂದರೆ ಗ್ರೈಂಡರಿನ ದುಡ್ಡು ಹುಟ್ಟುತ್ತೆ ಅಂತ ನಾನು ಅದನ್ನು ಮಾರದೆ ಇಟ್ಟುಕೊಂಡಿದ್ದೆ. 2023ರ ಡಿಸೆಂಬರಿನಲ್ಲಿ ಸರ್ಕಾರ ಬದಲಾಯಿತು, ಜನವರಿ ಮೊದಲ ವಾರದಲ್ಲೇ ರೇಸ್ ರದ್ದು ಅಂತ ಸುದ್ದಿ ಬಂತು. ಆ ರೇಸಿಗೆ ಹಣ ಪಾವತಿ ಮಾಡಿದ ರೀತಿ ಸರಿಯಿಲ್ಲ ಅಂತ 2024ರ ಡಿಸೆಂಬರಿನಲ್ಲಿ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಕೇಸೂ ಆಯಿತು, ಹಿಂದಿನ ಸರ್ಕಾರದ ಸಚಿವರು ಆರೋಪ ಅಲ್ಲಗಳೆದಿದ್ದಾರೆ. ಸರಿ ತಪ್ಪು ಕೋರ್ಟ್ ನೋಡಿಕೊಳ್ಳಲಿ. ನಿಮಗೆ ನಾನು ಹೇಳೋದು ಇಷ್ಟೇ: ಪ್ರತಿ ವರ್ಷ ರೇಸ್ ಬರುತ್ತೆ ಅಂತ ಲೆಕ್ಕ ಹಾಕಿ ಅಂಗಡಿಗೆ ಒಂದು ರೂಪಾಯಿ ಸುರಿಯಬೇಡಿ. ಬಾಡಿಗೆ ಏರಿಸಲು ಬರುವ ಮನೆ ಮಾಲೀಕರಿಗೂ ಇದನ್ನೇ ಹೇಳಿ. ಡಾಂಬರು ಹೊಸದಾಗುತ್ತೆ, ನುಣ್ಣಗಿರುತ್ತೆ, ಅದೊಂದು ಲಾಭ ಖಂಡಿತ. ಉಳಿದ ಲಾಭ ನಿಮ್ಮ ಬೀದಿಗೆ ಬರುತ್ತೆ ಅಂತ ಯಾರಾದರೂ ಹೇಳಿದರೆ ಯಾವ ಗೇಟಿನಿಂದ ಬರುತ್ತೆ ಅಂತ ಕೇಳಿ.

ನಾನು ಈಗ ಆ ಹೋಟೆಲ್ ನಡೆಸುತ್ತಿಲ್ಲ. ಕ್ಯಾರಿಯರ್ ಲೆಕ್ಕ ಹೋದ ಮೇಲೆ ಬಾಡಿಗೆ ಎಳೆಯೋಕಾಗದೆ ಬಿಟ್ಟುಕೊಟ್ಟು ಕಾಚಿಗುಡ ಕಡೆ ಸಣ್ಣದೊಂದು ಟಿಫಿನ್ ಸೆಂಟರ್ ಇಟ್ಟಿದ್ದೀನಿ. ಮತ್ತೆ ಕ್ಯಾರಿಯರ್ ಊಟ ಶುರು ಮಾಡಿದ್ದೀವಿ, ಮೊದಲಿನಷ್ಟಿಲ್ಲ.

ಡಬಲ್ ಗಾಜಿಗೆ ಅಡ್ವಾನ್ಸ್ ಕೊಡಬೇಡಿ, ಕೊಟ್ಟಿದ್ದರೆ ವಾಪಸ್ ಕೇಳಿ. ನಿಮ್ಮದು ಯಾವ ಅಂಗಡಿ ಅಂತ ಬರೆದಿಲ್ಲ. ದಿನಸಿಯೋ ಔಷಧಿಯೋ ಆಗಿದ್ದರೆ ರಸ್ತೆ ಮುಚ್ಚುವ ಮುಂಚೆಯೇ ಮಾಲು ತುಂಬಿಸಿಕೊಳ್ಳಿ, ನಿತ್ಯದ ಗಿರಾಕಿಗಳ ಫೋನ್ ನಂಬರ್ ಬರೆದಿಟ್ಟುಕೊಂಡು ನಡೆದಾದರೂ ತಲುಪಿಸುವ ಹುಡುಗನನ್ನು ಈಗಲೇ ಗೊತ್ತು ಮಾಡಿ. ಪಾಲಿಕೆ ಕಚೇರಿಗೆ ಒಬ್ಬರೇ ಹೋಗಬೇಡಿ, ಬೀದಿಯ ನಾಲ್ಕು ಅಂಗಡಿಯವರು ಸೇರಿ ಹೋಗಿ ಬೇಲಿಯ ನಕ್ಷೆ ಕೇಳಿ. ಸಿಕ್ಕಿದರೆ ನಿಮ್ಮ ಅಂಗಡಿ ಎಲ್ಲಿದೆ ಅಂತ ಗುರುತು ಹಾಕಿ ಇಲ್ಲೇ ಕೆಳಗೆ ಹಾಕಿ. ರಾತ್ರಿ ಹನ್ನೊಂದರ ಮೇಲೆ ಬಿಡುವಾಗ್ತೀನಿ, ನೋಡಿ ಹೇಳ್ತೀನಿ.